ಬಣ್ಣ ನಂಬದ ಕಾಕಾ ಮತ್ತು ನೊಣ ತಿನ್ನುವ ಗಿಡ

ನಮ್ಮ ಕಾಕಾ ನೊಣಗಳನ್ನು ಬಸ್ಸು ಹತ್ತಿಸಿಕೊಂಡು ಊಟಕ್ಕೆ ಕರೆದೊಯ್ಯುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನೂ ಧಾರವಾಡದಲ್ಲಿ ಎಂ.ಎಸ್ಸಿ. ಓದಿದವನು; ಕಣ್ಣಾರೆ ಕಂಡದ್ದನ್ನೂ ಎರಡು ಸಲ ವಿಚಾರಿಸಿಯೇ ಒಪ್ಪುವವನು. ಈಚೆಗಂತೂ ನನ್ನ ನೆನಪಿನ ಮೇಲೇ ನನಗೆ ಗುಮಾನಿ. ಆದರೆ ಅವರ ಕಿಸೆಯ ಆ ಕಡ್ಡಿಪೆಟ್ಟಿಗೆ ಮಾತ್ರ ಚೆನ್ನಾಗಿ ನೆನಪಿದೆ, ಅದರೊಳಗಿನ ಗುಂಯ್ ಎನ್ನುವ ಸದ್ದೂ ನೆನಪಿದೆ. ನೊಣಗಳು ಊಟಕ್ಕೆ ಹೋಗುತ್ತಿದ್ದದ್ದು ನಿಜ. ಊಟ ಮಾಡುವುದಕ್ಕಲ್ಲ, ಊಟವಾಗುವುದಕ್ಕೆ!

ಕಾಕಾ ಬಾಗಲಕೋಟೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರು. ತೊಂಬತ್ತರ ದಶಕದ ಕೊನೆ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರೆಲ್ಲ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತುಕೊಂಡು ನವನಗರಕ್ಕೆ ಸಾಗುತ್ತಿದ್ದರೆ ಕಾಕಾನ ಚಿಂತೆಯೇ ಬೇರೆ: ಬದಾಮಿ ಗುಡ್ಡದ ಗಿಡಗಳು ಈ ವಾರ ಉಪವಾಸ ಬಿದ್ದಿರಬಹುದೇ? ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಬಂಡೆಯ ಮೇಲೆ ನೀರು ಜಿನುಗುವ ಕಡೆ ಬೆರಳುದ್ದದ ಒಂದು ಗಿಡ ಏಳುತ್ತದೆ. ಎಲೆಯ ತುಂಬ ಕೂದಲು, ಕೂದಲ ತುದಿಗೆ ಅಂಟಿನ ಹನಿ. ಇಬ್ಬನಿ ಎಂದು ಬಂದು ಕೂತ ನೊಣ ಮತ್ತೆ ಏಳುವುದಿಲ್ಲ. ಪುಸ್ತಕದಲ್ಲಿ ಅದಕ್ಕೆ ಡ್ರಾಸೆರಾ ಎಂದು ಹೆಸರು. ನಮ್ಮ ಮನೆಯಲ್ಲಿ ಮಾತ್ರ ಅದು ‘ಅವರ ಗಿಡ’. ಹಾಗೆ ಹೆಸರಿಟ್ಟವರು ಕಾಕು, ಅಂದರೆ ಕಾಕಾನ ಹೆಂಡತಿ. ಮನ್ಯಾಗ ಒಂದು ತತ್ತಿ ತರಗೊಡೂದಿಲ್ಲ, ಗಿಡಕ್ಕ ನೋಡಿದ್ರ ವಾರಾ ವಾರಾ ಮಾಂಸದ ಊಟ ಎಂದು ಅವರ ತಕರಾರು.

ಒಂದು ಶನಿವಾರ ಕೆರೂರು ದಾಟಿದ ಮೇಲೆ ಕಂಡಕ್ಟರನಿಗೆ ಕಾಕಾನ ಕಿಸೆಯ ಸದ್ದು ಕೇಳಿತು.

“ಏನೈತ್ರಿ ಸರ ಅದರಾಗ?”

“ನೊಣ.”

ಕಂಡಕ್ಟರ ತಿಕೀಟಿನ ಪುಸ್ತಕ ಬಿಚ್ಚಿದ. “ಬರೂ ಮುಂದನೂ ಇರ್ತಾವೇನ್ರಿ?”

“ಇಲ್ಲ. ಅಲ್ಲೇ ಮುಗೀತಾವ.”

“ಹಂಗಾದ್ರ ಹೋಗೂದರ ತಿಕೀಟು ಅಷ್ಟ ಸಾಕು ಬಿಡ್ರಿ,” ಎಂದು ಅವನು ಗಂಭೀರವಾಗಿ ಮುಂದಿನ ಸೀಟಿಗೆ ಹೋದ.

ಈ ಪ್ರವಾಸಗಳಲ್ಲಿ ಕಾಕು ತಪ್ಪದೆ ಜೊತೆಗಿರುತ್ತಿದ್ದರು. ಕಿಟಕಿಯ ಸೀಟು ಅವರದೇ. ಬಸ್ಸು ಹೊರಟಿತೆಂದರೆ ಅವರ ಬಾಯಿಯೂ ಹೊರಟಿತು. ಮೆಣಸಿನಕಾಯಿ ಕೆಂಪಾಗ್ಯಾವ ನೋಡ್ರಿ. ಆ ಲಾರಿ ಹಸರೈತಿ ನೋಡ್ರಿ. ಆ ಹೆಣ್ಣಮಗಳು ಉಟ್ಟ ಸೀರಿ ನವಿಲಿನ ಬಣ್ಣದ್ದು ನೋಡ್ರಿ. ಕಾಕಾ ಪ್ರತಿಯೊಂದಕ್ಕೂ “ನಾ ಕೇಳಿದ್ನೇನು?” ಎಂದು ಗುರುಗುಟ್ಟುತ್ತಿದ್ದರು. ಕೇಳದಿದ್ದರೂ ವರದಿ ನಿಲ್ಲುತ್ತಿರಲಿಲ್ಲ. ನಾವು ಹುಡುಗರು ಕಾಕುಗೆ ‘ಆಕಾಶವಾಣಿ’ ಎಂದು ಹೆಸರಿಟ್ಟಿದ್ದೆವು.

ಕಾಕಾನಿಗೆ ಬಣ್ಣದ ಮಾತೆಂದರೆ ಆಗುತ್ತಿರಲಿಲ್ಲ. ತಮಾಷೆಯೆಂದರೆ ನಮ್ಮದು ಇಳಕಲ್ಲಿನ ನೇಕಾರರ ಮನೆತನ! ಮನೆಯಲ್ಲಿ ನಾಲ್ಕು ಜನ ಸೇರಿದರೆ ಮಾತು ದಡಿಗೋ ಸೆರಗಿಗೋ ಹೋಗಲೇಬೇಕು. ಕಾಕಾ ಹರೆಯದಲ್ಲಿ ಕೆಲವು ದಿನ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತಿದ್ದರಂತೆ. ಒಂದು ದಿನ ಯಾವುದೋ ದೊಡ್ಡ ಮನೆಯ ಮದುವೆಯ ಸೀರೆಗೆ ಕೆಂಪು ನೂಲು ಹಾಕಬೇಕಾದಲ್ಲಿ ಹಸಿರು ಹಾಕಿ ಮೊಳದುದ್ದ ನೇಯ್ದುಬಿಟ್ಟರು. ಅಜ್ಜ ಕೇಳಿದರೆ, ಈ ಮನ್ಯಾಗ ನನ್ನ ಲಕ್ಷ್ಯ ಹತ್ತೂದಿಲ್ಲ, ಸಾಲಿ ಕಲೀತೇನಿ ಎಂದರಂತೆ. ಸೊಕ್ಕು ಎಂದು ಮನೆಯವರೆಲ್ಲ ತೀರ್ಮಾನಿಸಿದರು. ನಾನೂ ಅದನ್ನೇ ನಂಬಿದ್ದೆ. ಸಂಶಯ ಪಡುವವನಿಗೆ ಸಂಶಯ ಬೇಕಾದ ಕಡೆಯೇ ಬರುವುದಿಲ್ಲ ನೋಡಿ!

ಗಿಡದ ಜಾತಿ ಗುರುತಿಸುವುದರಲ್ಲೂ ಅದೇ ಹಟ. ಬಣ್ಣ ಸುಳ್ಳು ಸಾಕ್ಷಿ ಎಂಬುದು ಅವರ ಸಿದ್ಧಾಂತ. ಬಿಸಿಲಿಗೆ ಒಂದು, ನೆರಳಿಗೆ ಒಂದು, ಒಣಗಿದ ಮೇಲೆ ಇನ್ನೊಂದು. ಅದನ್ನು ನೆಚ್ಚಿ ಜಾತಿ ಹೇಳುವವನು ಗಿಡ ನೋಡಿಲ್ಲ, ಜಾತ್ರೆ ನೋಡಿದ್ದಾನೆ. ಗುಡ್ಡದ ಮೇಲೆ ನಾವೆಲ್ಲ ನಿಂತು ಹುಡುಕಿದರೆ ಕಾಕಾ ಮಾತ್ರ ಎಳೆ ಬಿಸಿಲಿನ ಹೊತ್ತಿಗೆ ಹೋಗಿ, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಹನಿ ಹೊಳೆಯುವುದನ್ನು ನೋಡಿ ಹುಡುಕುತ್ತಿದ್ದರು. ದಾರಿಹೋಕರು ಮಾಸ್ತರಿಗೆ ಚಕ್ಕರ್ ಬಂತೆಂದು ಎರಡು ಸಲ ನೀರು ಚಿಮುಕಿಸಿದ್ದುಂಟು. ಪಕ್ಕದಲ್ಲೇ ನಿಂತ ಕಾಕು, “ಅಲ್ಲೆ ನಿಮ್ಮ ಮೂಗಿನ ಮುಂದ ಐತಲ್ರಿ, ಕುಂಕುಮ ಚೆಲ್ಲಿದಂಗ,” ಎನ್ನುವರು. “ನಾ ಕೇಳಿದ್ನೇನು?”

ಅಲ್ಲಿ ಎರಡು ಬಗೆ ಇದ್ದವು. ಒಂದು ನೆಲಕ್ಕೆ ನಾಣ್ಯದಂತೆ ಅಂಟಿಕೊಂಡದ್ದು. ಇನ್ನೊಂದು ದಾರದಂಥ ಎಲೆಗಳನ್ನು ಹೊತ್ತು ನೆಟ್ಟಗೆ ನಿಲ್ಲುವುದು. ಕಾಕಾ ನನ್ನ ಕೈಗೆ ಭೂತಗನ್ನಡಿ ಕೊಟ್ಟು ಹೂವಿನ ನಡುವಿನ ಶಲಾಕೆಗಳನ್ನು, ಆ ಸಣ್ಣ ಕೂದಲಿನಂಥ ಎಳೆಗಳನ್ನು, ಎಣಿಸಲು ಹೇಳುತ್ತಿದ್ದರು. ನೆಲಕ್ಕಂಟಿದ್ದರಲ್ಲಿ ಐದು. ಅದರ ಜಾತಿ ತಕರಾರಿಲ್ಲದೆ ಇತ್ಯರ್ಥವಾಯಿತು. ನೆಟ್ಟಗಿನದರಲ್ಲಿ ನಾನು ಆರು ಎಂದೆ.

“ಬುಡಾ ನೋಡೋ. ಮೂರ ಅದಾವ. ಒಂದ ಎಳಿ ಹೊಂಟು ಎರಡಾಗೇತಿ. ನೂಲಿನ ಮನ್ಯಾಗ ಹುಟ್ಟಿ ಎಳಿ ಎಣಸಾಕ ಬರೂದಿಲ್ಲೇನು?”

ನನ್ನ ಎಂ.ಎಸ್ಸಿ.ಗೆ ಆದ ಮೊದಲ ಗಾಯ ಅದು.

ಜಗಳ ಶುರುವಾದದ್ದು ಆ ನೆಟ್ಟಗಿನ ಗಿಡದಿಂದಲೇ. ಅದರಲ್ಲಿ ಕೆಲವಕ್ಕೆ ಬಿಳಿ ಹೂ, ಕೆಲವಕ್ಕೆ ಗುಲಾಬಿ. ಎರಡೂ ಒಂದೇ ಬಂಡೆಯ ಮೇಲೆ ಕಲೆತು ಬೆಳೆದಿದ್ದವು. ಇವು ಎರಡು ಜಾತಿ ಎಂದು ನಾನು. ಒಂದೇ ಎಂದು ಕಾಕಾ. ಅವರು ವರ್ಷಗಟ್ಟಲೆ ಮಕ್ಕಳಿಗೆ ಹಾಗೇ ಪಾಠ ಹೇಳಿದ್ದರು. ಮಾತು ಸ್ಟಾಫ್ ರೂಮಿನವರೆಗೂ ಹೋಗಿ ಅವರ ಮಾನದ ಪ್ರಶ್ನೆಯಾಯಿತು. ಒಣಗಿಸಿದ ಗಿಡವನ್ನು ಧಾರವಾಡಕ್ಕೆ ಒಯ್ದು ನನ್ನ ಪ್ರಾಧ್ಯಾಪಕರಿಗೆ ತೋರಿಸೋಣವೆಂದರೆ ಅದೂ ಫಜೀತಿ. ಪೇಪರಿನ ಮಡಿಕೆಯಲ್ಲಿಟ್ಟು ಒತ್ತಿದ ಗಿಡ ತನ್ನ ಅಂಟಿನಿಂದ ಪೇಪರಿಗೇ ಹತ್ತಿಕೊಂಡಿತು. ಬಿಡಿಸಿದರೆ ಎಲೆ ಹರಿಯಿತು, ಹೂವಿನ ಬಣ್ಣ ಹೋಯಿತು, ಎಲೆಯ ಮೇಲೆ ‘ವರ ಬೇಕಾಗಿದೆ’ ಎಂಬ ಜಾಹೀರಾತು ತಿರುಗುಮುರುಗಾಗಿ ಮೂಡಿತು! ಪ್ರಾಧ್ಯಾಪಕರು ಅದನ್ನು ನೋಡಿ, ಜಾತಿಯೇನೋ ತಿಳಿಯದು, ಗೋತ್ರ ಬೇಕಾದರೆ ಕೇಳಬಹುದು ಎಂದರು. ಆಮೇಲೆ ತಾವೇ ಬದಾಮಿಗೆ ಬರುತ್ತೇನೆಂದರು.

ಅವರು ಬಂದ ದಿನ ಕಾಕುಗೆ ಮೊಣಕಾಲು ನೋವು. ಗುಡ್ಡದ ಕೆಳಗೆ, ಹೊಂಡಕ್ಕೆ ಇಳಿಯುವ ಕಲ್ಲಿನ ಪಾವಟಿಗೆಯ ಮೇಲೆ ಕೂತರು. ಕಾಕಾ ಒಬ್ಬರೇ ನಮ್ಮಿಬ್ಬರ ಜೊತೆ ಹತ್ತಿದರು. ದಾರಿಯುದ್ದಕ್ಕೂ ಮತ್ತೆ ಮತ್ತೆ ಹಿಂತಿರುಗಿ ನೋಡಿದರು. ಬಂಡೆ ಸಿಕ್ಕಿತು, ಗಿಡ ಸಿಕ್ಕಿತು, ಹೂವೂ ಅರಳಿತ್ತು. ಪ್ರಾಧ್ಯಾಪಕರು ಖುಷಿಯಿಂದ, ಬಿಳಿ ಯಾವುವು, ಗುಲಾಬಿ ಯಾವುವು ತೋರಿಸಿರಿ ಮಾಸ್ತರ, ಬೀಜ ಬೇರೆ ಬೇರೆ ಕಟ್ಟಿಕೊಳ್ಳೋಣ ಎಂದರು.

ಕಾಕಾ ಒಂದು ಸಲ ಕೆಳಗೆ ಹೊಂಡದ ಕಡೆ ನೋಡಿದರು. ನಾನು ಬೆರಳು ಎತ್ತಿದೆ.

“ನೀ ತೋರಸಬ್ಯಾಡ. ನೀ ಎದುರ ಪಾರ್ಟಿ,” ಎಂದರು. ಧ್ವನಿ ಎಂದಿನಂತಿರಲಿಲ್ಲ.

ಆಮೇಲೆ ಬಗ್ಗಿ ಎರಡು ಹೂ ಕಿತ್ತರು. ಒಂದೊಂದು ಮುಷ್ಟಿಯಲ್ಲಿ ಒಂದೊಂದು ಹಿಡಿದು, ಒಂದ ನಿಮಿಷ ಬಂದೆ ಎನ್ನುತ್ತ, ಗುಡ್ಡ ಇಳಿಯತೊಡಗಿದರು! ನಾವು ಏನೆಂದು ತಿಳಿಯದೆ ಹಿಂದೆ ಹಿಂದೆ ಇಳಿದೆವು.

ಕಾಕು ಶೇಂಗಾ ಸುಲಿಯುತ್ತ ಕೂತಿದ್ದರು. ಕಾಕಾ ಅವರ ಮುಂದೆ ನಿಂತು ಎರಡೂ ಮುಷ್ಟಿ ಬಿಚ್ಚಿದರು. ಈ ಹೂವಿನ ಆಯುಷ್ಯವೇ ಅರ್ಧ ದಿನ, ಕಿತ್ತರೆ ಅದೂ ಇಲ್ಲ. ಎರಡೂ ಅಂಗೈಯಲ್ಲಿ ಬೆವರಿಗೆ ಅಂಟಿದ ಎರಡು ಮುದ್ದೆಗಳಿದ್ದವು, ಅಷ್ಟೇ. ನಾನಂತೂ ಅಲ್ಲಿ ಯಾವ ಬಣ್ಣವನ್ನೂ ಕಾಣಲಿಲ್ಲ.

“ಯಾವದು ಯಾವದು ಹೇಳು,” ಎಂದರು ಕಾಕಾ, ಬಹಳ ಮೆಲ್ಲಗೆ.

ಕಾಕು ಅಂಗೈ ನೋಡಿದರು. ತಲೆಯೆತ್ತಿ ಕಾಕಾನ ಮುಖ ನೋಡಿದರು. “ಎಡಗೈಯಾಗಿಂದು ಬಿಳಿ. ಬಲಗೈಯಾಗಿಂದು ಗುಲಾಬಿ, ನಮ್ಮ ಸಣ್ಣ ಮಗಳು ತಲಿಗೆ ಹಾಕೋತಿದ್ದ ಕುಂಚಿಗಿ ಇತ್ತಲ್ರಿ, ಹಂಗ.”

ಆ ಒಂದು ಸಲ ಕಾಕಾ ‘ನಾ ಕೇಳಿದ್ನೇನು’ ಅನ್ನಲಿಲ್ಲ.

ಕೀಳುವಾಗ ನಾನು ನೋಡಿದ್ದೆ, ಎಡಗೈಯಲ್ಲಿದ್ದದ್ದು ಗುಲಾಬಿ. ಅಥವಾ ಹಾಗೆಂದು ನನ್ನ ನೆನಪು; ಅದಕ್ಕೇನು ಬೆಲೆ? ಪ್ರಾಧ್ಯಾಪಕರು ಮಾತ್ರ ಕ್ಷಣ ಹೊತ್ತು ಕಾಕಾನನ್ನು ನೋಡಿ, “ಸರಿ ಮಾಸ್ತರ, ಬರ್ರಿ ಮ್ಯಾಲೆ ಹೋಗೂಣು,” ಎಂದು ಹೆಗಲಿಗೆ ಕೈಹಾಕಿ ಕರೆದೊಯ್ದರು. ಬಿಳಿ ಗುಲಾಬಿಗಳನ್ನು ತಾವೇ ಬೇರೆ ಮಾಡಿಕೊಂಡರು, ಮತ್ತೇನೂ ಕೇಳಲಿಲ್ಲವಂತೆ.

ನಾನು ಕಾಕುವಿನ ಹತ್ತಿರ ಉಳಿದೆ. ನನ್ನ ಮುಖ ನೋಡಿ ಅವರೇ ಹೇಳಿದರು. “ಅವರಿಗೆ ಕೆಂಪು ಹಸರು ಎರಡೂ ಒಂದ, ತಿಳಿಗುಲಾಬಿ ಬಿಳೀನೂ ಒಂದ. ಲಗ್ನ ಆದ ಹೊಸದಾಗಿ ನನ್ನ ಸೀರಿ ಯಾವ ಬಣ್ಣದ್ದು ಹೇಳ್ರಿ ಅಂದ್ನಿ. ಅಂಜಿಕೊಂತ ‘ಚಲೋ ಬಣ್ಣ’ ಅಂದ್ರು. ಇಳಕಲ್ಲಿನ ನೇಕಾರರ ಮಗ ಸೀರಿಗೆ ಚಲೋ ಬಣ್ಣ ಅಂದ್ರ ನಾ ಏನ್ ತಿಳಕೋಬೇಕು? ಕೇಳಾಕ ಅವರಿಗೆ ನಾಚಿಕಿ. ಅದಕ್ಕ ಕೇಳೂ ಮೊದಲ ಹೇಳಿಬಿಡತೇನಿ.” ಸುಲಿದ ಶೇಂಗಾ ನನ್ನ ಕೈಗೆ ಹಾಕಿದರು. “ಇಳಕಲ್ಲಿನ್ಯಾಗ ಬಾಯಿ ಬಿಡಬ್ಯಾಡ ಮತ್ತ.”

ಕೆಲವು ವಾರದ ಮೇಲೆ ಧಾರವಾಡದಿಂದ ಫೋನು ಬಂತು. ಸೂಕ್ಷ್ಮದರ್ಶಕದಲ್ಲಿ ಎರಡೂ ಬೀಜಗಳ ಮೈಮೇಲೆ ಒಂದೇ ಬಲೆಯ ನೇಯ್ಗೆ. ಬಿಳಿ, ಗುಲಾಬಿ ಎರಡೂ ಒಂದೇ ಜಾತಿ, ಡ್ರಾಸೆರಾ ಇಂಡಿಕಾ. ಬಣ್ಣ ಕಂಡ ನಾನು ಸೋತಿದ್ದೆ, ಕಾಣದ ಕಾಕಾ ಗೆದ್ದಿದ್ದರು. ಅವರು ಸ್ಟಾಫ್ ರೂಮಿಗೆ ಪೇಢೆ ಹಂಚಿದರು. ಗಿಡಗಳಿಗೆ ಒಂದು ನೊಣ ಹೆಚ್ಚಿಗೆ.

ಇದೆಲ್ಲ ಆಗಿ ವರ್ಷಗಳಾದವು. ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು, ಕಾಕಾ ತಾವೇ ಹೇಳಿಕೊಂಡು ನಗುತ್ತಾರೆ. ಮೊನ್ನೆ ನವನಗರದ ಮನೆಯಲ್ಲಿ ಆ ದಿನದ ಮಾತು ಬಂತು. ನಾನು ಕಥೆಗೆ ರಂಗು ತುಂಬುತ್ತ, ಪಾವಟಿಗೆಯ ಮೇಲೆ ಕಾಕು ಹಳದಿ ಸೀರೆ ಉಟ್ಟು ಕೂತಿದ್ದರು ಎಂದೆ.

“ಹಳದಿ ಅಲ್ಲೋ,” ಎಂದರು ಕಾಕಾ ತಕ್ಷಣ. “ಗಿಳಿಹಸರ ಸೀರಿ. ದಾಳಿಂಬರ ಸೆರಗು.”

ನನಗೆ ಒಳಗೊಳಗೇ ನಗು ಬಂತು. ಕೆಂಪು ಹಸಿರು ಎರಡೂ ಒಂದೇ ಆದವರು ನನಗೆ ಬಣ್ಣ ಹೇಳುವುದೇ! “ನಿಮಗ ಹೆಂಗ ಗೊತ್ರಿ ಕಾಕಾ?”

ಕಾಕಾ ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ಒಗ್ಗರಣೆಯ ಸದ್ದಿನ ನಡುವೆ ಆಕಾಶವಾಣಿ ಯಾರಿಗೋ ಟೊಮ್ಯಾಟೊ ಹಣ್ಣಾಗಿವೆ ಎಂದು ಹೇಳುತ್ತಿತ್ತು.

“ಅವತ್ತ ಮುಂಜಾನೆ ಮನಿ ಬಿಡೂ ಮುಂದ ಹೇಳಿದ್ಲು,” ಎಂದರು.