ಹರಿಣಿಯ ಸಾಬೂನು ಹಸ್ತಾಂತರ ನಿಯಮಾವಳಿ

ಭಾಂಡುಪ್ ಪಶ್ಚಿಮದ ಸುಖನಿವಾಸ ಸಹಕಾರಿ ಗೃಹನಿರ್ಮಾಣ ಸೊಸೈಟಿಯಲ್ಲಿ, ಸದಸ್ಯೆ ಹರಿಣಿ ಕೈಯಾರೆ ತಯಾರಿಸಿದ ಸಾಬೂನಿನಿಂದ ಇಂದಿನವರೆಗೆ ಯಾರೊಬ್ಬರೂ ಸ್ನಾನ ಮಾಡಿಲ್ಲವೆಂಬುದನ್ನು ಆಡಳಿತ ಸಮಿತಿ ಹೆಮ್ಮೆಯಿಂದ ದೃಢೀಕರಿಸಿದೆ. ಕತ್ತರಿಸುವಾಗ ಉಳಿದ ಚೂರುಗಳಿಂದ ಹರಿಣಿ ಒಬ್ಬಳೇ ಕೈ ತೊಳೆದು ನೋಡಿದ್ದುಂಟು. ಆದರೆ ಚೂರು ಸಾಬೂನಲ್ಲವೆಂದು ಸಮಿತಿ ಈಗಾಗಲೇ ತೀರ್ಮಾನಿಸಿರುವುದರಿಂದ ಆ ವಿಷಯವನ್ನು ಇಲ್ಲಿ ಎತ್ತುವಂತಿಲ್ಲ.

ಹರಿಣಿ ಮೊದಲು ವಿಕ್ರೋಳಿಯ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದಳು. ಕೆಲಸದಿಂದ ತೆಗೆದವರಿಗೆ ‘ನಿಮ್ಮ ಮುಂದಿನ ಹಾದಿ ಸುಖಕರವಾಗಿರಲಿ’ ಎಂದು ಮೇಲ್ ಕಳಿಸುವುದು ಅವಳ ಪಾಲಿನ ಕೆಲಸ. ಅದನ್ನು ಎಷ್ಟು ಚಂದ ಮಾಡುತ್ತಿದ್ದಳೆಂದರೆ, ಹೋದವರು ತಿರುಗಿ ಥ್ಯಾಂಕ್ಯೂ ಬರೆಯುತ್ತಿದ್ದರು. ಒಂದು ದಿನ ಅದೇ ಮೇಲನ್ನು ತನಗೆ ತಾನೇ ಕಳಿಸಿಕೊಂಡು, ಥ್ಯಾಂಕ್ಯೂ ಎಂದೂ ಬರೆದುಕೊಂಡು ಹೊರಬಿದ್ದಳು. ಸಾಕಾಗಿ ಹೋಗಿತ್ತು ಅವಳಿಗೆ. ನಾಲ್ಕು ಜನರ ಉಪಯೋಗಕ್ಕೆ ಬರುವಂಥದ್ದನ್ನು ಒಮ್ಮೆಯಾದರೂ ಈ ಕೈಯಿಂದ ಮಾಡಬೇಕೆಂದು ಜೀವ ಹಾತೊರೆಯುತ್ತಿತ್ತು. ಮ್ಯಾನೇಜರು ಮಾತ್ರ ದೊಡ್ಡ ಮನಸ್ಸು ಮಾಡಿ, ಮುಂದಿನ ದೀಪಾವಳಿಯ ತನಕ ಅವಳ ಕುರ್ಚಿಗೆ ಬೇರೆ ಯಾರನ್ನೂ ಕೂರಿಸುವುದಿಲ್ಲವೆಂದರು.

ಅತ್ತೆ ರಾಜೀವಿ ಉಡುಪಿ ಕಡೆಯವರು, ಮಾತು ಖಡಕ್ಕು. “ಹಾಗಾದ್ರೆ ದೀಪಾವಳಿವರೆಗೆ ನಿನ್ನ ಸೋಪು. ಅಷ್ಟರಲ್ಲಿ ಅದು ಕಾಲ ಮೇಲೆ ನಿಂತರೆ ಸೈ, ಇಲ್ಲಾಂದ್ರೆ ಪುನಃ ವಿಕ್ರೋಳಿ. ಆಯ್ತಲ್ಲ ಮಾರಾಯ್ತಿ?” ಎಂದರು. ಗೋರೆಗಾಂವಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಗಂಡ ಪ್ರೀತಮ್, ವೃತ್ತಿಧರ್ಮದಂತೆ ಇಬ್ಬರಿಗೂ ಹೌದು ಎಂದ.

ತೆಂಗಿನೆಣ್ಣೆ, ಕಸ್ತೂರಿ ಅರಿಶಿನ, ತುಳಸಿ ಹಾಕಿ ಹರಿಣಿ ಸಾಬೂನು ಮಾಡಿದಳು. ಕಪಾಟಿನ ಮೇಲೆ ತಿಂಗಳುಗಟ್ಟಲೆ ಒಣಗಿಸಿದಳು. ಆಮೇಲೆ ಒಂದೊಂದನ್ನೂ ಒರಟು ಕಾಗದದಲ್ಲಿ ಸುತ್ತಿ, ಅತ್ತೆಯ ಹಳೇ ಸೀರೆಯ ಜರಿಯಂಚಿನಿಂದ ಕಟ್ಟಿ, ಮೇಲೊಂದು ಒಣಗಿದ ಚೆಂಡುಹೂ ಸಿಕ್ಕಿಸಿದಳು. ತಪ್ಪಾದದ್ದು ಇಲ್ಲೇ. ಸಾಬೂನು ಸಾಬೂನಿನ ಹಾಗೆ ಕಾಣಬೇಕಿತ್ತು, ಮದುಮಗಳ ಹಾಗೆ ಕಂಡಿತು.

ಸಂಕ್ರಾಂತಿ ಕಳೆದ ಮೇಲೆ ಮುಂಬಯಿಯ ಮನೆಮನೆಯಲ್ಲೂ ಹಳದಿ-ಕುಂಕುಮ. ಬಂದ ಹೆಂಗಸರಿಗೆಲ್ಲ ಏನಾದರೊಂದು ಸಣ್ಣ ಉಡುಗೊರೆ ಕೊಡಬೇಕು. ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಕೊಟ್ಟೂ ಕೊಟ್ಟೂ ಬೇಸತ್ತಿದ್ದ ಮೇಲಿನ ಮಾಳಿಗೆಯ ವಂದನಾತಾಯಿ ಹರಿಣಿಯ ಸಾಬೂನನ್ನೆಲ್ಲ ಒಂದೇ ಏಟಿಗೆ ಕೊಂಡು ಹಂಚಿಬಿಟ್ಟಳು. ಬಿಲ್ಡಿಂಗೇ ಹೊಗಳಿತು. ಹರಿಣಿಯ ಕಾಲು ನೆಲಕ್ಕೆ ತಾಗಲಿಲ್ಲ. ಅದೇ ಹುರುಪಿನಲ್ಲಿ ದುಪ್ಪಟ್ಟು ಸಾಬೂನಿಗಾಗುವಷ್ಟು ಎಣ್ಣೆ ತಂದಿಟ್ಟು, ಮೊದಲಿನವು ಕರಗುವುದನ್ನೇ ಕಾಯುತ್ತ ಕೂತಳು.

ಯಾವುದೂ ಕರಗಲಿಲ್ಲ. ಹೋಳಿ ಬಂತು, ಜನ ಬಣ್ಣವನ್ನು ಅಂಗಡಿ ಸೋಪಿನಿಂದಲೇ ತೊಳೆದುಕೊಂಡರು. ಮಳೆಗಾಲ ಬಂತು, ಸೊಸೈಟಿಯ ಗೇಟಿನವರೆಗೆ ಕೆಸರು ಬಂತು, ಆದರೂ ಯಾರೂ ಹರಿಣಿಯ ಬೆಲ್ ಒತ್ತಲಿಲ್ಲ. ಕಡೆಗೆ ಗೌರಿ ಹಬ್ಬದಲ್ಲಿ ಬೆಲ್ ಆಯಿತು. ಸೊಸೈಟಿ ಸೆಕ್ರೆಟರಿ ಗುರುಬಸವ ಅವರ ಹೆಂಡತಿ ಕಾಶವ್ವ ಬಂದಿದ್ದರು. ಹರಿಣಿಗೆ ಉಡಿ ತುಂಬಿ, ಅಕ್ಕಿಯ ಮೇಲೊಂದು ಪೊಟ್ಟಣವಿಟ್ಟರು. ಜರಿಯಂಚು, ಚೆಂಡುಹೂ.

“ಭಾಳ ಕಿಮ್ಮತ್ತಿನ ಸಾಬಾಣ ಐತಿ ಯವ್ವಾ. ಯಾರೋ ಕೊಟ್ಟಿದ್ರು, ನಿನಗಂತ ಎತ್ತಿಟ್ಟಿದ್ದೆ,” ಎಂದರು ಕಾಶವ್ವ.

“ಇದನ್ನ ಮಾಡಿದ್ದು ನಾನೇ ಅಲ್ವಾ ಕಾಶಕ್ಕ! ನೀವು ಯಾಕೆ ಹಚ್ಚಿಕೊಳ್ಳಲಿಲ್ಲ?”

“ಅಯ್ಯ, ಇಷ್ಟ್ ಛಂದ ಇದ್ದದ್ದನ್ನ ಮೈಗೆ ಹಚ್ಚಿ ಗಟಾರಕ್ಕ ಬಿಡೂದನ? ಪಾಪ ಹತ್ತತೈತಿ.”

ಹರಿಣಿ ಮನೆಮನೆ ವಿಚಾರಿಸಿದಳು. ಸಾಬೂನುಗಳೆಲ್ಲ ಸುಖವಾಗಿದ್ದವು. ಮೂರನೇ ಮಾಳಿಗೆಯ ನಾಮಕರಣದಿಂದ ಏಳನೇ ಮಾಳಿಗೆಯ ಗೃಹಪ್ರವೇಶಕ್ಕೆ, ಅಲ್ಲಿಂದ ಮುಲುಂಡಿನ ನಿಶ್ಚಿತಾರ್ಥಕ್ಕೆ, ಮತ್ತೆ ಲೋಕಲ್ ಹತ್ತಿ ಭಾಂಡುಪಿಗೆ. ಊರೆಲ್ಲ ಸುತ್ತಿದ ಸಾಬೂನಿಗೆ ಬಾತ್ರೂಮಿನ ಬಾಗಿಲೊಂದು ಕಾಣಲಿಲ್ಲ, ಅಷ್ಟೇ. ಕೊನೆಗೆ ಅತ್ತೆಯ ಕಪಾಟು ತೆಗೆದರೆ, ರೇಷ್ಮೆ ಸೀರೆಗಳ ನಡುವೆಯೂ ಒಂದು ಮಲಗಿತ್ತು.

“ಸೀರೆಗೆ ಪರಿಮಳ ಬರ್ತದೆ ಅಂತ ಇಟ್ಟದ್ದು. ಅದಕ್ಕೂ ಕಣ್ಣು ಹಾಕ್ತೀಯಾ?” ಎಂದರು ರಾಜೀವಿ.

ಹಬ್ಬಗಳು ಒಂದೊಂದಾಗಿ ಮುಗಿಯುತ್ತ ಬಂದವು, ವಿಕ್ರೋಳಿಯ ಕುರ್ಚಿ ಕನಸಿನಲ್ಲಿ ಬರತೊಡಗಿತು. ನವರಾತ್ರಿಗೆ ವಂದನಾತಾಯಿಯ ಮನೆಗೆ ಹೋದಾಗ, ಹರಿವಾಣದಲ್ಲಿ ಸಾಲಾಗಿಟ್ಟ ತನ್ನದೇ ಸಾಬೂನುಗಳನ್ನು ಕಂಡು ಹರಿಣಿಗೆ ತಡೆಯಲಾಗಲಿಲ್ಲ. ಕೈ ತೊಳೆಯುವ ನೆಪದಲ್ಲಿ ಒಂದನ್ನೆತ್ತಿಕೊಂಡು ಬೇಸಿನ್ನಿಗೆ ಹೋಗಿ ಪರ್ರೆಂದು ಕಾಗದ ಹರಿದಳು. ನಲ್ಲಿ ತಿರುಗಿಸುವ ಮೊದಲೇ ವಂದನಾತಾಯಿ ಓಡಿಬಂದು ಸಾಬೂನು ಕಿತ್ತುಕೊಂಡಳು.

“ಅಗೋ ಬಾಈ! ನಿನಗೇನು ತಲೆ ಕೆಟ್ಟಿದೆಯಾ? ನಾಡಿದ್ದು ಡೊಂಬಿವಲಿಗೆ ಹೋಗಬೇಕಾದದ್ದು ಇದು!”

ಭಾನುವಾರ ಪಾರ್ಕಿಂಗ್ ಜಾಗದಲ್ಲಿ ತುರ್ತು ಸಭೆ ಸೇರಿತು. ಗುರುಬಸವ ಅವರು ವಿಜಯಪುರ ಕಡೆಯವರು, ಗುಮಾಸ್ತಿಕೆಯಿಂದ ನಿವೃತ್ತರಾಗಿದ್ದರೂ ಗುಮಾಸ್ತಿಕೆ ಅವರಿಂದ ನಿವೃತ್ತವಾಗಿರಲಿಲ್ಲ. ಎದ್ದು ನಿಂತು ಸೂಚನೆ ಓದಿದರು:

“ಅನುಮತಿಯಿಲ್ಲದೆ ಸಾಬೂನಿನ ಹೊದಿಕೆ ತೆಗೆಯುವುದು ಸೊಸೈಟಿಯ ಹಿತಕ್ಕೆ ಧಕ್ಕೆ ತರುವ ಕೃತ್ಯವಾಗಿರುತ್ತದೆ. ಫ್ಲ್ಯಾಟ್ ಕೈ ಬದಲಾಯಿಸುವಾಗ ಅನ್ವಯಿಸುವ ನಿಯಮಗಳು ಇನ್ನು ಮುಂದೆ ಸಾಬೂನಿಗೂ ಅನ್ವಯಿಸತಕ್ಕದ್ದು. ಕೊಡುವವರು ಸಮಿತಿಯಿಂದ ನಿರಾಕ್ಷೇಪಣಾ ಪತ್ರ, ಅರ್ಥಾತ್ ಎನ್‌ಒಸಿ, ಪಡೆಯತಕ್ಕದ್ದು. ಪಡೆಯುವವರು ಹಸ್ತಾಂತರ ಶುಲ್ಕ ತೆರತಕ್ಕದ್ದು. ಬಾಡಿಗೆದಾರರು ಸಾಬೂನನ್ನು ಮೂಸಿ ನೋಡಬಹುದು, ಸ್ವೀಕರಿಸುವಂತಿಲ್ಲ. ಒದ್ದೆಯಾದ ಸಾಬೂನನ್ನು ಮೃತವೆಂದು ಪರಿಗಣಿಸಲಾಗುವುದು.”

ಜನ ಚಪ್ಪಾಳೆ ತಟ್ಟಿದರು. ಶುಲ್ಕವನ್ನು ಕಟ್ಟಡದ ರಿಪೇರಿಗೆಂದಿರುವ ಸಿಂಕಿಂಗ್ ಫಂಡಿಗೆ ಹಾಕುವುದೋ, ಸಮಿತಿಯ ಲೋಣಾವಳಾ ಅಧ್ಯಯನ ಪ್ರವಾಸಕ್ಕೋ ಎಂಬುದಷ್ಟೇ ಚರ್ಚೆಯಾಗಿ, ಪ್ರವಾಸಕ್ಕೆ ಬಹುಮತ ಬಂತು.

ಹರಿಣಿ ಎದ್ದು ನಿಂತಳು. “ಸರ್, ನನ್ನದು ಒಂದೇ ಮಾತು. ಯಾರಾದ್ರೂ ಒಬ್ರು ಇದ್ರಲ್ಲಿ ಸ್ನಾನ ಮಾಡಿ, ಹೇಗುಂಟು ಅಂತ ಹೇಳಿ. ಚೆನ್ನಾಗಿಲ್ಲಾಂದ್ರೆ ನಾಳೆಯೇ ವಿಕ್ರೋಳಿಗೆ ಹೋಗ್ತೇನೆ.”

ಗುರುಬಸವ ಮೃದುವಾಗಿ, “ತಂಗಿ, ಛಲೋ ಐತಿ ಅಂತ ತಿಳಕೊಳ್ಳಾಕ ಜಳಕಾನ ಮಾಡಬೇಕೇನು? ಠರಾವು ಪಾಸ್ ಮಾಡಿದ್ರ ಆತಲ್ಲ,” ಎಂದರು. ಎಲ್ಲರೂ ಕೈಯೆತ್ತಿದರು. ಸಾಬೂನು ಅತ್ಯುತ್ತಮವಾದದ್ದು, ಚರ್ಮಕ್ಕೆ ಹಿತಕರವಾದದ್ದು ಎಂದು ಅವಿರೋಧವಾಗಿ ಅಂಗೀಕಾರವಾಯಿತು. ಪ್ರೀತಮ್ ಎರಡೂ ಕೈ ಎತ್ತಿದ್ದ.

“ಹಾಗಾದ್ರೆ ಇನ್ನೂ ಮಾಡ್ಲಾ ಸರ್?”

“ಛೇ ಛೇ! ಹೊಸಾವು ಬಂದ್ರ ಹಳೇವಕ್ಕ ಏನ್ ಕಿಮ್ಮತ್ತು ಉಳೀತೈತ್ರಿ?”

ಸಾಬೂನಿನ ಹಿತದೃಷ್ಟಿಯಿಂದ ಸಾಬೂನು ತಯಾರಿಕೆಯನ್ನು ನಿಲ್ಲಿಸಲಾಯಿತು. ಆದರೆ ತಿರುಗಾಟದಲ್ಲಿ ಕಾಗದ ಸವೆಯುತ್ತದೆ, ಜರಿ ಜಾರುತ್ತದೆ, ಹೂ ಉದುರುತ್ತದೆ. ಇವನ್ನು ಆಗಾಗ ಸರಿಪಡಿಸಲು ಸೊಸೈಟಿಗೆ ಒಬ್ಬ ಹೊದಿಕೆ ಅಧಿಕಾರಿ ಬೇಕೆಂದು, ಅನುಭವಸ್ಥಳಾದ ಹರಿಣಿಯೇ ಆಗಬೇಕೆಂದು, ವಾಚ್‌ಮನ್ ಕ್ಯಾಬಿನ್ನಿನ ಅರ್ಧ ಜಾಗ ಮತ್ತು ತಿಂಗಳ ಸಂಬಳ ಕೊಡಬೇಕೆಂದು ತೀರ್ಮಾನವಾಯಿತು. ಹರಿಣಿಗೆ ಮೊದಲು ಅಳು ಬಂತು. ಆಮೇಲೆ ವಿಕ್ರೋಳಿ ನೆನಪಾಗಿ, ಒಪ್ಪಿಕೊಂಡಳು.

“ಒಳ್ಳೇದೇ ಆಯ್ತು. ಲೋಕಲಿನ ನೂಕುನುಗ್ಗಲಿಲ್ಲ, ಮಧ್ಯಾಹ್ನ ಬಿಸಿ ಊಟ. ಆಫೀಸು ಅಂದ್ರೆ ಇದು!” ಎಂದು ರಾಜೀವಿ ಫೋನಿನಲ್ಲಿ ಉಡುಪಿಗೆಲ್ಲ ಸುದ್ದಿ ಮುಟ್ಟಿಸಿದರು.

ನರಕ ಚತುರ್ದಶಿಯ ಬೆಳಗು. ಅತ್ತೆ ಸೊಸೆಯ ತಲೆಗೆ ಎಣ್ಣೆ ತಟ್ಟಿ ಸ್ನಾನಕ್ಕೆ ಕಳಿಸಿದರು. ಹರಿಣಿ ಸೆರಗಿನೊಳಗೆ ಒಂದು ಸಾಬೂನು ಮುಚ್ಚಿಕೊಂಡು ಹೋಗಿ ಬಾತ್ರೂಮಿನ ಚಿಲಕ ಹಾಕಿದಳು. ಬಿಸಿನೀರು ಹಬೆಯಾಡುತ್ತಿತ್ತು. ಕೇಳುವವರಿಲ್ಲ, ನೋಡುವವರಿಲ್ಲ. ಉಗುರನ್ನು ಕಾಗದದ ಮಡಿಕೆಗೆ ಸಿಕ್ಕಿಸಿದಳು. ಎಂಥ ಮಡಿಕೆ ಅದು! ನಿನ್ನೆ ಸಂಜೆ ತಾನೇ ಕೂತು ಮಡಿಸಿದ್ದು, ಗೆರೆ ಎಳೆದಂತೆ ನೇರ. ಹತ್ತು ಗಂಟೆಗೆ ಲೋಕಲ್ ಹತ್ತಿ ಠಾಣೆ ಊರಿಗೆ ಹೋಗಬೇಕಾದ ಸಾಬೂನು, ಎನ್‌ಒಸಿ ಬೇರೆ ಆಗಿದೆ. ಜರಿಯ ಮೇಲೆ ಆಗಲೇ ಹಬೆ ಕೂರತೊಡಗಿತ್ತು. ಪೊಟ್ಟಣವನ್ನು ಸೆರಗಿನಿಂದ ಮೆಲ್ಲಗೆ ಒರೆಸಿ, ಬಾಗಿಲು ಅಷ್ಟೇ ಅಷ್ಟು ತೆರೆದು ಹೊರಗೆ ಚಾಚಿದಳು.

“ಅತ್ತೆ, ಇದನ್ನ ಒಣ ಜಾಗದಲ್ಲಿಡಿ. ಅಂಗಡಿ ಸೋಪು ಒಂದು ಕೊಡಿ.”

“ಅಬ್ಬ! ನನ್ನ ಎದೆ ಹಾರಿಯೇ ಹೋಗಿತ್ತು ಮಾರಾಯ್ತಿ,” ಎಂದು ಬಾಗಿಲಲ್ಲೇ ಕಾಯುತ್ತಿದ್ದ ರಾಜೀವಿ, ಆಗಲೇ ಕೈಯಲ್ಲಿ ಹಿಡಿದಿದ್ದ ಅಂಗಡಿ ಸೋಪನ್ನು ಒಳಗೆ ಕೊಟ್ಟರು.