ಬದುವಿನಿಂದ ಬಂದ ಯುವರಾಜರು

ಬಹಳ ಹಿಂದೆ, ಗಾಳಿಗೂ ಪರವಾನಗಿ ಬೇಕಾಗಿದ್ದ ಕಾಲದಲ್ಲಿ, ಶ್ಲಾಘನಾಪುರವೆಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಭೂರಿಕೀರ್ತಿ ಮಹಾರಾಜರಿಗೆ ಸಂತಾನವೊಂದನ್ನು ಬಿಟ್ಟು ಮಿಕ್ಕ ಸೌಭಾಗ್ಯಗಳೆಲ್ಲ ಇದ್ದವು. ಆ ಕೊರತೆಯನ್ನು ಅವರು ಜೋಳದಲ್ಲಿ ತೀರಿಸಿಕೊಂಡರು.

ಆಸ್ಥಾನದ ಪ್ರಯೋಗಾಲಯದಲ್ಲಿ ಹೊಸ ಜೋಳವೊಂದು ಅವತರಿಸಿತು. ಕಳೆನಾಶಕ ಹೊಡೆದರೆ ಕಳೆಯೆಲ್ಲ ಸತ್ತು ಜೋಳ ಮಾತ್ರ ನಿಲ್ಲುವಂತೆ ಅದರ ಮೈಗೆ ಹೊಸ ವಂಶವಾಹಿಯೊಂದನ್ನು ಕೂಡಿಸಿದ್ದರು. “ಎಷ್ಟು ವಿಷ ಸುರಿದರೂ ಬಾಡದ ಈ ಗುಣ ತಮ್ಮದೇ, ಪ್ರಭು. ಪ್ರಜೆಗಳು ಇಷ್ಟು ಶಪಿಸಿದರೂ ತಾವು ಬಾಡಿದ್ದುಂಟೆ?” ಎಂದು ಕೃಷಿಮಂತ್ರಿ ಅನುಮೋದಸೇನರು ಬಿನ್ನವಿಸಿದರು. ಕೂಡಲೇ ವಂಶವಾಹಿಗೆ ‘ರಾಜಾಂಶ’ ಎಂದು ಹೆಸರಿಟ್ಟು ತೊಟ್ಟಿಲು ತೂಗಿದರು. ಪತ್ರಿಕಾಗೋಷ್ಠಿಯಲ್ಲಿ ಸಕ್ಕರೆ ಹಂಚಿದರು.

ಆ ರಾಜ್ಯದಲ್ಲೊಂದು ಹಳೆಯ ಕಟ್ಟಳೆಯಿತ್ತು. ಮೈಯಲ್ಲಿ ರಾಜಾಂಶವಿದ್ದವರು ರಾಜಬಂಧುಗಳು. ಅವರ ಮೇಲೆ ಕೈಮಾಡಿದ ಪ್ರಜೆಯ ಹೊಲ ಮುಟ್ಟುಗೋಲು. ಸಂತೆಗೆ ಹೋದಾಗಲೆಲ್ಲ ಒದೆ ತಿಂದು ಬರುತ್ತಿದ್ದ ರಾಜರ ಚಿಕ್ಕಪ್ಪನೊಬ್ಬನನ್ನು ಕಾಪಾಡಲು ಮಾಡಿದ್ದ ಕಾನೂನು. ಈಗ ಜೋಳಕ್ಕೂ ಅನ್ವಯಿಸಿತು. ಕೈಮುಗಿದು ಕ್ಷಮೆ ಕೇಳಿ ತೆನೆ ಕೊಯ್ಯುವವರಿಗೆ ಮಾತ್ರ ವಿನಾಯಿತಿ.

ನೀಲವ್ವನಿಗೆ ಇದ್ದದ್ದು ಒಂದು ತುಂಡು ಹೊಲ. ಮನೆಮಂದಿಯ ರೊಟ್ಟಿಯೆಲ್ಲ ಅದರಿಂದಲೇ. ರಾಜಜೋಳವನ್ನೇ ಬಿತ್ತಬೇಕೆಂದು ಮಂತ್ರಿಗಳೇ ಬಂದು ಅಪ್ಪಣೆ ಮಾಡಿದಾಗ ಅವಳು ಬದುವಿನಲ್ಲಿ ಬೆಳೆದಿದ್ದ ಕಾಡುಜೋಳದ ಕಡೆ ಬೆರಳು ಮಾಡಿದಳು.

“ಇದರ ದಾಯಾದಿ ಅಲ್ಲೇ ನಿಂತೈತ್ರಿ ಸಾಹೇಬ್ರ. ಎರಡೂ ಒಮ್ಮಿಗೇ ಹೂ ಬಿಡ್ತಾವು. ಗಾಳಿ ಸುಮ್ಮ ಕುಂದರ್ತೈತೇನು?”

ಮಂತ್ರಿಗಳು ವಿಷಯವನ್ನು ಗಂಭೀರವಾಗಿ ಪರಿಗಣಿಸಿದರು. ಬದುವಿನ ಮೇಲೆ ‘ಅನುಮತಿಯಿಲ್ಲದೆ ಪರಾಗ ದಾಟತಕ್ಕದ್ದಲ್ಲ’ ಎಂಬ ಫಲಕ ನೆಡಿಸಿದರು. ಪರಾಗಕ್ಕೆ ಓದಲು ಬರುತ್ತದೆಯೇ ಎಂದು ಪರಿಶೀಲಿಸಲು ಸಮಿತಿಯೊಂದು ರಚನೆಯಾಯಿತು. ಸಮಿತಿ ಅಧ್ಯಯನ ಪ್ರವಾಸದಲ್ಲಿದ್ದಾಗ ಗಾಳಿ ತನ್ನ ಕೆಲಸ ಮುಗಿಸಿತು.

ಮರುವರ್ಷ ಕಾಡುಜೋಳ ಬದುವಿನಿಂದಿಳಿದು ಹೊಲದೊಳಗೇ ಎದ್ದಿತು. ನೀಲವ್ವ ಕಳೆನಾಶಕ ಹೊಡೆದಳು. ಎಣ್ಣೆ ಹಚ್ಚಿ ಎರೆದ ಕೂಸಿನಂತೆ ಅದು ಇನ್ನಷ್ಟು ಕಳೆಕಳೆಯಾಯಿತು. ಪಕ್ಕದ ಜೋಳ ಹೊಟ್ಟೆಗಿಲ್ಲದೆ ಹಳದಿಗೆ ತಿರುಗಿತು. ಅವಳು ಸೆರಗು ಬಿಗಿದು ಕೀಳತೊಡಗಿದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಭಟರು ಬಂದು ಅವಳನ್ನೂ ಕಿತ್ತ ಕಳೆಯನ್ನೂ ಆಸ್ಥಾನಕ್ಕೆ ಒಯ್ದರು. ಕಳೆಗೆ ಮಾತ್ರ ಪಲ್ಲಕ್ಕಿಯಿತ್ತು.

ಪರೀಕ್ಷೆ ನಡೆಯಿತು. ಕಳೆಯ ಮೈಯಲ್ಲಿ ರಾಜಾಂಶ ಶುದ್ಧವಾಗಿತ್ತು. ಮಹಾರಾಜರ ಕಣ್ಣು ತುಂಬಿ ಬಂತು.

“ಇವರ ಮೇಲೆ ಕೈಮಾಡಿದವಳು ನೀನೋ?”

“ಹೌದ್ರಿ ದೊರಿ. ಕಳೆನಾಶಕದ ಎಣ್ಣಿ ಹೊಡದ್ರೂ ಸಾಯಲಿಲ್ಲ. ನನ್ನ ಜ್ವಾಳಾ ತಿಂದು ಬೆಳಿಯಾಕತ್ತಿತ್ತು. ಕಿತ್ತೆ.”

ಅನುಮೋದಸೇನರು ಮುಂದೆ ಬಂದು ಬಾಗಿದರು. “ಮಹಾಪ್ರಭು, ಯಾರೂ ಬಿತ್ತದೆ ಬಂದಿದೆ. ಓಡಿಸಿದರೆ ಹೋಗುವುದಿಲ್ಲ. ಒಂದು ಕಾಳೂ ಕೊಡದೆ ಇಡೀ ಹೊಲವನ್ನು ಆಳುತ್ತಿದೆ. ರಾಜಲಕ್ಷಣವೆಂದರೆ ಇನ್ನೇನು?”

“ಕಾಳು ಬಲಿಯೂದ್ರಾಗ ನೆಲಕ್ಕ ಉದುರಸ್ತೈತ್ರಿ,” ಎಂದಳು ನೀಲವ್ವ. “ರೊಟ್ಟಿ ಆಗೂದಿಲ್ಲ ಅದರಿಂದ.”

“ಯುವರಾಜರಿಂದ ರೊಟ್ಟಿ ಕೇಳುತ್ತಾರೆಯೆ?” ಎಂದು ಮಹಾರಾಜರು ನೊಂದುಕೊಂಡರು.

ಹೀಗೆ ಕಾಡುಜೋಳ ಯುವರಾಜನಾಯಿತು. ಪಟ್ಟಾಭಿಷೇಕದ ದಿನ ನಾಡಿನಲ್ಲಿ ಕಳೆ ತೆಗೆಯುವ ಕುರ್ಪಿ ಕುಡಗೋಲುಗಳನ್ನೆಲ್ಲ ಮಾರಕಾಸ್ತ್ರಗಳೆಂದು ಠಾಣೆಗೆ ಒಪ್ಪಿಸಿಕೊಂಡರು. ನೀಲವ್ವನ ಹೊಲ ಅರಮನೆಯ ಪಾಲಾಯಿತು. ಆದರೆ ಸರ್ಕಾರ ಕರುಣೆಯಿಲ್ಲದ್ದಲ್ಲ. ಅವಳಿಗೆ ಅದೇ ಹೊಲದಲ್ಲಿ ಯುವರಾಜರಿಗೆ ನೀರೆರೆಯುವ ದಾದಿಯ ಕೆಲಸ ಕೊಟ್ಟಿತು. ಮನೆಯಲ್ಲುಳಿದಿದ್ದ ಹಳೆಯ ಜೋಳದ ಮೂಟೆಯನ್ನು ಪಟ್ಟದ ಕಾಣಿಕೆಯೆಂದು ಒಯ್ದರು.

ಒಮ್ಮೆ ಮಂತ್ರಿಗಳು ತಪಾಸಣೆಗೆ ಬಂದರು. ಯುವರಾಜರು ಆರೋಗ್ಯದಿಂದಿದ್ದಾರೆಯೇ ಎಂದು ವಿಚಾರಿಸಿದರು.

ನೀಲವ್ವ ಕೊಡ ಇಳಿಸಿದಳು. “ಇರದ ಏನ್ರಿ? ನಮ್ಮ ಪಾಲಿಂದೂ ಅವರೇ ಉಣ್ಣಾಕತ್ತಾರ.”

ರಾಜಭಕ್ತಿಯ ಮಾತೆಂದು ಮಂತ್ರಿಗಳು ಮೆಚ್ಚಿ ತಲೆದೂಗಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಯುವರಾಜರು ಹೂ ಹೊತ್ತ ಕಿರೀಟವನ್ನೊಮ್ಮೆ ಕೊಡವಿ ಪಕ್ಕದ ಹೊಲಗಳಿಗೆ ಪ್ರವಾಸ ಹೊರಟರು. ಪ್ರವಾಸದ ಖರ್ಚು, ರೂಢಿಯಂತೆ, ಹೊಲದವರದು.