ಬಳ್ಳಾರಿಗೆ ತಂದ ಚಳಿ

ಬಳ್ಳಾರಿಯ ಬಿಸಿಲಲ್ಲಿ ಕೂತು ಚಳಿಯ ಸಂಶೋಧನೆ ಮಾಡುವವನಿಗೆ ಇಂಥ ಪ್ರಸಂಗಗಳು ಖಾಯಂ. ನನ್ನ ಕೆಲಸ ಇಷ್ಟೇ: ಬಿಸ್ಮತ್ ಮತ್ತು ಆಂಟಿಮನಿ ಎಂಬ ಧಾತುಗಳನ್ನು ಬೆರೆಸಿ ಬೆಳೆಸಿದ ಹರಳನ್ನು ದ್ರವ ನೈಟ್ರೋಜನ್ನಿನಿಂದ ತಣಿಸಿ, ಕರೆಂಟ್ ಹರಿಸಿ, ಅದರ ಒಂದು ತುದಿ ಇನ್ನೂ ತಣ್ಣಗಾಗುತ್ತದೆಯೇ ಎಂದು ನೋಡುವುದು. ಹಿಂದಿನ ಪ್ರಯತ್ನಗಳು ಕೈಕೊಟ್ಟಿದ್ದವು. ಈ ಸಲವೂ ಆಗದಿದ್ದರೆ ವಿಷಯವನ್ನೇ ಬಿಡಬೇಕೆಂದು ನನ್ನ ಪಿಎಚ್.ಡಿ. ಗೈಡ್ ಹೇಳಿದ್ದರು.

೧. ಹಿಡಿಕೆ

ಹರಳಿಗೆ ಹೊಸ ತಾಮ್ರದ ಹಿಡಿಕೆ ಬೇಕಿತ್ತು. ಕೌಲ್ ಬಜಾರಿನ ಲೇತ್ ಮೇಸ್ತ್ರಿ ಕೇಳಿದ, "ಇದು ಏನ್ ಮಾಡತೈತ್ರಿ?"

"ಕರೆಂಟ್ ಕೊಟ್ರ ತಣ್ಣಗಾಗತೈತಿ."

ಆತ ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದ. "ನನಗ ಎಷ್ಟೋ ಸಲ ಕರೆಂಟ್ ಹೊಡದೈತಿ. ಒಮ್ಮಿನೂ ತಣ್ಣಗಾಗಿಲ್ಲ ನೋಡ್ರಿ."

೨. ಕ್ಯಾನು

ಸಿರುಗುಪ್ಪದಲ್ಲಿ ಜಾನುವಾರುಗಳ ವೀರ್ಯ ಕಾಪಿಡಲು ಬರುವ ದ್ರವ ನೈಟ್ರೋಜನ್ನಿನಲ್ಲೇ ನಮಗೂ ಒಂದು ಪಾಲು. ನಾನು ಕ್ಯಾನು ಹೇರಿಕೊಂಡು ಬರುತ್ತಿದ್ದ ಟೆಂಪೊ ಕುರುಗೋಡಿನಲ್ಲಿ ಚಹಾಕ್ಕೆ ನಿಂತಿತು. ಕ್ಯಾನು ನೋಡಿ ಒಬ್ಬ ರೈತ ಓಡಿ ಬಂದ.

"ಡಾಕ್ಟ್ರ, ಚಲೋ ಹೊತ್ತಿಗೆ ಬಂದ್ರಿ. ನಮ್ಮ ಎಮ್ಮಿ ಬೆದಿಗಿ ಬಂದೈತಿ."

"ಡಾಕ್ಟರ್ ಅಲ್ಲರಿ ನಾನು. ಇದರಾಗ ಬರೀ ಚಳಿ ಐತಿ."

ಆತ ನಂಬಲಿಲ್ಲ. ಮುಚ್ಚಳ ಎತ್ತಿ ತೋರಿಸಿದೆ. ಬಿಳಿ ಹೊಗೆ ಸುರುಳಿ ಸುರುಳಿಯಾಗಿ ನೆಲಕ್ಕಿಳಿಯಿತು. ಬೆರಗಾಗಿ ನಿಂತವನು ಕೊನೆಗೆ, "ಬಳ್ಳಾರಿಗೆ ಒಯ್ತೀರೇನು?" ಎಂದ.

"ಹೌದ್ರಿ."

"ಇಷ್ಟ ಸಾಕಾಗಲ್ಲ ಬಿಡ್ರಿ."

೩. ಗೆರೆ

ಹರಳು ಅಕ್ಕಿಕಾಳಿಗಿಂತ ತುಸು ದೊಡ್ಡದು. ನಾನೂ ಗೈಡೂ ಅದನ್ನಿಟ್ಟ ಪೆಟ್ಟಿಗೆಯ ಗಾಳಿ ತೆಗೆದು, ಹಿಡಿಕೆಯ ಮೇಲಿನ ತೊಟ್ಟಿಗೆ ನೈಟ್ರೋಜನ್ ಸುರಿದು ತಣಿಸಿದೆವು. ಅಷ್ಟರಲ್ಲಿ ಊರಿನ ಕರೆಂಟ್ ಹೋಗಿ ಫ್ಯಾನ್ ನಿಂತಿತು; ಉಪಕರಣಗಳು ಬ್ಯಾಟರಿಯ ಮೇಲೆ ನಡೆದವು. ಹರಳಿಗೆ ಕರೆಂಟ್ ಬಿಟ್ಟೆ. ಪರದೆಯ ಮೇಲೆ ಅದರ ತುದಿಯ ಉಷ್ಣತೆ ತೋರಿಸುವ ಗೆರೆ ಏರಿತು. ತಣ್ಣಗಾಗಬೇಕಾದದ್ದು ಬಿಸಿಯಾಗುತ್ತಿತ್ತು.

ಗೈಡ್ ಕನ್ನಡಕ ತೆಗೆದರು. "ಮುಗೀತು. ಬಂದ್ ಮಾಡ್ರಿ."

ಬಂದ್ ಮಾಡಲು ಹೋದಾಗ ಕಂಡಿತು: ಗಡಿಬಿಡಿಯಲ್ಲಿ ತಂತಿಗಳನ್ನು ಅದಲುಬದಲು ಸಿಕ್ಕಿಸಿದ್ದೆ. ಕರೆಂಟಿನ ದಿಕ್ಕು ತಿರುಗಿದರೆ ಬಿಸಿಯಾಗುವ ತುದಿಯೇ ತಣ್ಣಗಾಗುತ್ತದೆ. ಬದಲಿಸಿದೆ.

ಗೆರೆ ನಿಂತಿತು, ಬಾಗಿತು, ಇಳಿಯತೊಡಗಿತು. ನೈಟ್ರೋಜನ್ನಿನ ಚಳಿಗಿಂತಲೂ ಕೆಳಗೆ ಇಳಿಯಿತು. ತಿರುಗುವ ಚಕ್ರವಿಲ್ಲ, ಸದ್ದಿಲ್ಲ; ಒಂದು ಚೂರು ಹರಳು ಶಾಖವನ್ನು ಈ ತುದಿಯಿಂದ ಆ ತುದಿಗೆ ಸುಮ್ಮನೆ ಸಾಗಿಸುತ್ತಿತ್ತು. ಸೂತ್ರ ನನಗೆ ಬಾಯಿಪಾಠ. ಆದರೂ ಮೈ ಜುಮ್ಮೆಂದಿತು.

ಗೈಡ್ ಕನ್ನಡಕ ಮತ್ತೆ ಹಾಕಿಕೊಂಡರು. ನನ್ನನ್ನು ಎಂದೂ ಏಕವಚನದಲ್ಲಿ ಕರೆಯದವರು, ಬೆವರು ಒರೆಸಿಕೊಳ್ಳುತ್ತ ಪೆಟ್ಟಿಗೆಯ ಗಾಜಿಗೆ ಹಣೆ ಹಚ್ಚಿ ಕೇಳಿದರು:

"ಲೇ, ಮುಂದಿನ ಪೆಟ್ಟಿಗಿ ನಾನು ಒಳಗ ಕೂಡೋವಷ್ಟು ದೊಡ್ಡದು ಮಾಡಾಕ ಬರತೈತೇನು?"